ಸುಮ್ನೆ ಅಂದರೆ ಸೊನ್ನೆ

ಕೊಂಡಿಯಕ್ಕ ಅಂತ ಹೆಸರಿಟ್ಟವನು ನಾನೇ. ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಒಂಬತ್ತು ವರ್ಷ ನನ್ನಿಂದ ಮೂರು ಹೆಜ್ಜೆ ದೂರ ಕೂತವಳು. ಲ್ಯಾಬು, ವಾರ್ಡು, ರಕ್ತನಿಧಿ, ಹೊರಗಿನ ಕಚೇರಿಗಳು, ಎಲ್ಲದರ ಸಾಫ್ಟ್‌ವೇರೂ ನಮ್ಮ ಸರ್ವರಿಗೆ ಕೊಂಡಿ ಹಾಕಿಕೊಂಡೇ ಕೆಲಸ ಮಾಡಬೇಕು. ಇರೋದು ಇನ್ನೂರೇ ಕೊಂಡಿ. ಹಿಡಿದವರು ಬಿಡೋದಿಲ್ಲ, ಸಿಗದವರು ಬಾಯಿ ಬಡಿದುಕೊಳ್ಳೋದು ನಿಲ್ಲಿಸೋದಿಲ್ಲ. ಯಾವುದನ್ನ ಕೀಳಬೇಕು, ಯಾವುದನ್ನ ಉಳಿಸಬೇಕು ಅಂತ ನೋಡಿಕೊಳ್ಳೋದು ಅವಳ ಕೆಲಸ. ಕೊಂಡಿ ಚೇಳಿಗೂ ಇರುತ್ತೆ ಅಂತ ಹಿಂದಿನಿಂದ ನಗುತ್ತಿದ್ದೆವು. ನಾಲಿಗೆ ಹಾಗಿತ್ತು, ತಪ್ಪು ಕಂಡರೆ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುವಳು.

ಮನೆಯಲ್ಲಿ ಅವಳೂ ತಂಗಿಯೂ ಇಬ್ಬರೇ. ತಂಗಿಯ ಎರಡೂ ಕಿಡ್ನಿ ಕೆಟ್ಟು ಮೂರು ವರ್ಷವಾಗಿತ್ತು, ವಾರಕ್ಕೆ ಮೂರು ಸಲ ನಮ್ಮಲ್ಲೇ ಡಯಾಲಿಸಿಸ್. ಅಕ್ಕನ ಕಿಡ್ನಿ ಹೊಂದಲಿಲ್ಲ. ಹಾಗಾಗಿ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದರು. ಕಿಡ್ನಿ ಸಿಕ್ಕರೆ ಹಂಚುವ ಕಚೇರಿಯಿಂದ ನೇರ ನಮ್ಮ ಸರ್ವರಿಗೆ ಸಂದೇಶ ಬರುತ್ತೆ. ಒಂದು ಗಂಟೆಯೊಳಗೆ ಒಪ್ಪಿಗೆ ಹೋಗದಿದ್ದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗುತ್ತೆ. ಆ ಕೊಂಡಿ ವರ್ಷಕ್ಕೆ ಎರಡು ಸಲ ಅಲ್ಲಾಡಿದರೆ ಹೆಚ್ಚು. ಆದರೂ ಬೆಳಿಗ್ಗೆ ಬಂದವಳು ಬ್ಯಾಗು ಇಳಿಸುವ ಮೊದಲು ಅದನ್ನೇ ನೋಡುವಳು.

ಹೀಗಿರುವಾಗ ಮ್ಯಾನೇಜರ್ ಒಂದು ಕಂಪನಿಯಿಂದ ಕಲಿಯೋ ಪ್ರೋಗ್ರಾಮ್ ತಂದರು. ಮಷೀನ್ ಲರ್ನಿಂಗ್ ಅಂತೆ. ಹಳೇ ಉದಾಹರಣೆ ತೋರಿಸಿದರೆ ಸಾಕು, ಬೇಡದ ಕೊಂಡಿಯನ್ನ ತಾನೇ ಗುರುತಿಸಿ ಕೀಳುತ್ತಂತೆ. ಉದಾಹರಣೆ ಎಲ್ಲಿಂದ ಬರಬೇಕು? ಕೊಂಡಿಯಕ್ಕ ಒಂಬತ್ತು ವರ್ಷ ಕೈಯಲ್ಲಿ ಬರೆದ ರಿಜಿಸ್ಟರುಗಳಿಂದ. ಪ್ರತಿ ಕೊಂಡಿಯ ಎದುರಿಗೆ ಅವಳು ಮೂರರಲ್ಲಿ ಒಂದು ಮಾತು ಬರೆಯುತ್ತಿದ್ದಳು: ‘ಬೇಕು’, ‘ದಂಡ’, ಇಲ್ಲಾ ‘ಸುಮ್ನೆ’. ಅದನ್ನೆಲ್ಲ ಒಂದು, ಸೊನ್ನೆ ಮಾಡಿ ಕೊಡು ಅಂತ ಮ್ಯಾನೇಜರ್ ನನ್ನನ್ನ ತಮ್ಮ ಕೋಣೆಯಲ್ಲಿ ಕೂರಿಸಿದರು. ಒಂದು ಅಂದರೆ ಉಳಿಸು, ಸೊನ್ನೆ ಅಂದರೆ ಕೀಳು.

‘ಬೇಕು’ಗೆ ಒಂದು, ‘ದಂಡ’ಕ್ಕೆ ಸೊನ್ನೆ. ‘ಸುಮ್ನೆ’ ಬಂದಾಗ ಕೈ ನಿಂತಿತು. ಯಾಕೆ ಬಂದೆ ಅಂದರೆ ಸುಮ್ನೆ ಬಂದೆ ಅಂತೀವಿ, ಅಂದರೆ ಕೆಲಸವಿಲ್ಲ. ಅವಳನ್ನೇ ಕೇಳಬಹುದಿತ್ತು, ಬಾಗಿಲು ತೆಗೆದು ಕೂಗಿದರೆ ಕೇಳುವಷ್ಟು ದೂರ. ಆದರೆ ಹಿಂದಿನ ದಿನವಷ್ಟೇ ಅವಳು ಎಲ್ಲರೆದುರು ನನ್ನನ್ನ, ನಿನಗೆ ಕತ್ತೆ ವಯಸ್ಸಾದ್ರೂ ಓದಿ ಅರ್ಥ ಮಾಡ್ಕೊಳ್ಳೋಕೆ ಬರಲ್ವಲ್ಲೋ ಅಂದಿದ್ದಳು. ಇವಳ ಹತ್ತಿರ ಹೋಗಿ ಕೈಕಟ್ಟಿ ನಿಲ್ಲಬೇಕಾ ಅನ್ನಿಸಿತು. ಸೊನ್ನೆ ಹಾಕಿದೆ. ಸುಮಾರು ನಾಲ್ಕು ಸಾವಿರ ಸಲ ಹಾಕಿದೆ.

ಅವಳು ಬರೆದದ್ದು ಬೇರೆಯೇ ಅರ್ಥದಲ್ಲಿ. ಸದ್ಯ ಸುಮ್ಮನಿದೆ, ಸುಮ್ಮನೆ ಇರಲಿ ಬಿಡಿ, ಮುಟ್ಟಬೇಡಿ ಅಂತ. ಕಿಡ್ನಿ ಕಚೇರಿಯ ಕೊಂಡಿಯ ಎದುರಿಗೂ ಅದೇ ಮಾತಿತ್ತು. ಪ್ರೋಗ್ರಾಮಿಗೆ ಅದೆಲ್ಲ ಎಲ್ಲಿಂದ ಗೊತ್ತಾಗಬೇಕು? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ ಅದು. ಹೇಳಿಕೊಟ್ಟ ಸುಳ್ಳನ್ನ ಶ್ರದ್ಧೆಯಿಂದ ಕಲಿಯಿತು.

ಅದು ಕೆಲಸ ಶುರು ಮಾಡಿದ ದಿನವೇ ಕೊಂಡಿಯಕ್ಕನ ಪಾಸ್‌ವರ್ಡ್ ಕಿತ್ತುಕೊಂಡರು. ಎರಡನೇ ದಿನ ಅವಳು ಮ್ಯಾನೇಜರ್ ಹತ್ತಿರ ಹೋಗಿ ಕಿಡ್ನಿ ಕಚೇರಿಯ ಕೊಂಡಿ ಗೋಡೆಯ ಪರದೆ ಮೇಲೆ ಕಾಣುತ್ತಿಲ್ಲ ಅಂದಳು. ಬೇಕಾದಾಗ ತಾನೇ ತೆರೆಯುತ್ತೆ ಕಣಮ್ಮ, ನಿನಗಿಂತ ಬುದ್ಧಿ ಇದೆ ಅದಕ್ಕೆ ಅಂತ ಅವರು ನಕ್ಕರು. ಅವಳು ಮೂರು ಸಲ ಹೋದಳು. ಮೂರನೇ ಸಲ ಬಾಗಿಲಲ್ಲೇ ನಿಲ್ಲಿಸಿ, ಕೆಲಸ ಹೋಯ್ತು ಅನ್ನೋ ಹೊಟ್ಟೆಉರಿ ಮನೇಲಿಟ್ಟು ಬಾ ಅಂದರು. ನಾನು ಅಲ್ಲೇ ಇದ್ದೆ. ಅವಳು ಅತ್ತ ಹೋದ ಮೇಲೆ ಹೌದು ಸರ್ ಅಂತ ಹಲ್ಲು ಕಿರಿದೆ.

ಹನ್ನೊಂದನೇ ದಿನ ಮಧ್ಯಾಹ್ನ ಎರಡೂಕಾಲಿಗೆ ಕಿಡ್ನಿ ಕಚೇರಿಯಿಂದ ಸಂದೇಶ ಹೊರಟಿತು. ತಂಗಿಗೆ ಹೊಂದುವ ಕಿಡ್ನಿ. ಸೊನ್ನೆ ಅಂತ ಕಲಿತ ಕೊಂಡಿಗೆ ಪ್ರೋಗ್ರಾಮ್ ಜಾಗ ಕೊಡಲಿಲ್ಲ. ಆ ಕಡೆಯ ಕಂಪ್ಯೂಟರು ಆರು ಸಲ ಬಡಿದು ಮೂರೂಕಾಲಿಗೆ ಮುಂದಿನ ಹೆಸರಿಗೆ ಹೋಯಿತು. ಆ ಒಂದು ಗಂಟೆ ತಂಗಿ ನಮ್ಮ ಕೆಳಗಿನ ಮಹಡಿಯಲ್ಲೇ ಡಯಾಲಿಸಿಸ್ ಹಾಸಿಗೆ ಮೇಲೆ ಮಲಗಿದ್ದಳು. ಅಕ್ಕ ಪಕ್ಕದಲ್ಲಿ ಕೂತು ಕಾಲು ಒತ್ತುತ್ತಿದ್ದಳು.

ಮರುದಿನ ಕಿಡ್ನಿ ಕಚೇರಿಯವರು ಫೋನ್ ಮಾಡಿ ಯಾಕೆ ಉತ್ತರ ಕೊಡಲಿಲ್ಲ ಅಂತ ಕೇಳಿದಾಗಲೇ ಗೊತ್ತಾಗಿದ್ದು. ಮ್ಯಾನೇಜರ್ ನನ್ನನ್ನ ಒಳಗೆ ಕರೆದರು. ತಪ್ಪು ನನ್ನದಾದರೆ ಕೆಲಸ ಕೊಟ್ಟ ಅವರದ್ದೂ ಆಗುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಅಷ್ಟು ಸಾಕಾಯಿತು. ರಿಜಿಸ್ಟರಿನಲ್ಲಿ ಅಸ್ಪಷ್ಟ ಪದ ಬಳಸಿದ್ದಕ್ಕೆ ವಿವರಣೆ ಕೊಡಬೇಕು ಅಂತ ಕೊಂಡಿಯಕ್ಕನಿಗೆ ನೋಟಿಸು ಹೋಯಿತು.

ಅವಳು ಆ ಹಾಳೆ ಹಿಡಿದುಕೊಂಡು ನನ್ನ ಮೇಜಿಗೇ ಬಂದಳು.

“ಸುಮ್ನೆ ಅನ್ನೋದಕ್ಕೆ ಸೊನ್ನೆ ಹಾಕಿದ್ದು ಯಾರೋ?”

“ಕಂಪನಿಯೋರು ಅಕ್ಕ. ಅವರಿಗೆ ನಮ್ ಭಾಷೆ ಎಲ್ಲಿ ಬರುತ್ತೆ.”

ತಲೆಯಾಡಿಸಿದಳು. ಇಂಥಾ ಕಾಗದ ಬರೆಯೋಕೆ ನನಗೆ ಬರಲ್ಲ, ವಿವರಣೆ ನೀನೇ ಬರೆದುಕೊಡು ಅಂದಳು. ಬರೆದೆ. ತಪ್ಪು ನನ್ನಿಂದಲೇ ಆಗಿದೆ, ಇನ್ನು ಮುಂದೆ ಸ್ಪಷ್ಟವಾಗಿ ಬರೆಯುತ್ತೇನೆ ಅಂತ ಅವಳ ಪರವಾಗಿ ಅಚ್ಚುಕಟ್ಟಾಗಿ ಬರೆದೆ. ಓದದೆ ಸಹಿ ಹಾಕಿದಳು. ಆಮೇಲೆ ನಾನು ನಾಲ್ಕು ಸಾವಿರ ಸೊನ್ನೆಗಳನ್ನ ಅಳಿಸಿ ಒಂದು ಹಾಕಿದೆ. ಪ್ರೋಗ್ರಾಮ್ ಈಗ ಲಕ್ಷಣವಾಗಿ ನಡೆಯುತ್ತಿದೆ, ಅವಳನ್ನ ಕೆಲಸದಿಂದ ಬಿಡಿಸಿದರು.

ತಂಗಿ ಆಮೇಲೆ ಏಳೇ ವಾರ ಬದುಕಿದಳು. ಸುದ್ದಿ ಕೇಳಿ ಅವರ ಮನೆಗೆ ಹೋದೆ, ಹೋಗದಿದ್ದರೆ ಜನ ಏನಂದುಕೊಂಡಾರು ಅಂತ. ಚಿಕ್ಕ ನಡುಮನೆ, ಗೋಡೆಗೆ ಒರಗಿ ಬಂಧುಗಳು ಕೂತಿದ್ದರು. ನನ್ನನ್ನ ಕಂಡ ಕೊಂಡಿಯಕ್ಕ ಎದ್ದು ಬಂದು ಕೈ ಹಿಡಿದು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ನಂತರ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಅಷ್ಟು ಜನರಲ್ಲಿ ನನ್ನ ಪರ ನಿಂತೋನು ಇವನೊಬ್ಬನೇ.”

ಅವಳ ಚಿಕ್ಕಮ್ಮ ನನ್ನ ತಲೆ ಸವರಿ, ನಿನ್ನ ಹೊಟ್ಟೆ ತಣ್ಣಗಿರಲಿ ಮಗಾ ಅಂದರು. ನಾನು ತಲೆ ಬಗ್ಗಿಸಿ ಸವರಿಸಿಕೊಂಡೆ.