ಕೇಳಿ ಮುಟ್ಟವ್ವ

ಕನಕಪುರದಲ್ಲಿ ನಾನು ಮೂರು ತಿಂಗಳ ಮನೆ ಆರೈಕೆ ತರಬೇತಿಗೆ ಸೇರಿದಾಗ ಪಾಠ ಹೇಳಿದ ಮೇಡಂ ನಿವೃತ್ತ ನರ್ಸು. ಕುರ್ಚಿಯಲ್ಲಿ ಕೂತು ಪಾಠ ಮಾಡಿದವರೇ ಅಲ್ಲ. ತಲೆಗೆ ಟವೆಲ್ ಸುತ್ತಿಕೊಂಡು ಮಂಚ ಹತ್ತಿ, ಸಿಡುಕು ಮುದುಕನಂತೆ ನರಳುತ್ತಾ ಮಲಗುತ್ತಿದ್ದರು. ಮಗ್ಗುಲು ತಿರುಗಿಸಲು ನಾವು ಕೈ ಹಾಕಿದರೆ ಕೈಮೇಲೆ ಫಟ್ಟನೆ ಒಂದು ಏಟು: "ಕೇಳಿ ಮುಟ್ಟವ್ವ! ನಾನೇನ್ ರಾಗಿ ಮೂಟೆನಾ?"

ಒಂದು ದಿನ ಮಲಗಿದ್ದಲ್ಲಿಂದಲೇ ನನ್ನನ್ನು ಕೇಳಿದರು: "ನಂಗೆ ಜ್ವರ. ಏನ್ ಮಾಡ್ತೀಯವ್ವ?"

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳ ಮೇವು ಬಿಟ್ಟು ಪೊರೆ ಕಳಚಲು ಕೂತರೆ ಅದಕ್ಕೂ ನಮ್ಮಲ್ಲಿ ಜ್ವರವೆಂದೇ ಹೆಸರು. ಗಾಬರಿಯಲ್ಲಿ ಹುಳಕ್ಕೆ ಮಾಡುವುದನ್ನೇ ಹೇಳಿಬಿಟ್ಟೆ: "ಸೊಪ್ಪು ನಿಲ್ಸಿ ಸುಣ್ಣ ಎರಚ್ತೀನಿ ಮೇಡಂ."

ತರಗತಿ ಬಿದ್ದು ಬಿದ್ದು ನಕ್ಕಿತು. ಇನ್ನು ಈ ಕಡೆ ತಲೆ ಹಾಕುವುದಿಲ್ಲವೆಂದು ಚೀಲ ಎತ್ತಿಕೊಂಡು ಬಾಗಿಲಿಗೆ ನಡೆದೆ. ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ ಮೇಡಂ ಮಂಚದಿಂದಲೇ ಕೂಗಿದರು: "ಎಲ್ಲಿಗ್ ಹೋಯ್ತೀಯೇ? ನಂಗಿನ್ನೂ ಜ್ವರ ಬುಟ್ಟಿಲ್ಲ, ಬಾ ಇಲ್ಲಿ!"

ವಾಪಸ್ ಹೋದೆ. ಈಗ ನನ್ನ ಹೊಟ್ಟೆಪಾಡಿಗೆ ಆ ಆರೈಕೆ ಕೆಲಸವೇ.

ಹೋದ ತಿಂಗಳು ಮೇಡಂಗೆ ನಿಜವಾಗಿಯೂ ಜ್ವರವೆಂದು ತಿಳಿದು ಅವರ ಮನೆಗೆ ಹೋದೆ. ಹಣೆಯತ್ತ ಚಾಚಿದ ಕೈಯನ್ನು ನಡುವೆಯೇ ತಡೆದು, "ಮುಟ್ಲಾ ಮೇಡಂ?" ಎಂದೆ.

ಅವರು ಕಣ್ಣು ತೆರೆಯಲಿಲ್ಲ.

"ಮುಟ್ಟವ್ವ. ಸುಣ್ಣ ಮಾತ್ರ ಎರಚ್ಬ್ಯಾಡ."