ವನಜಮ್ಮ ಮುಸ್ಸಂಜೆಗೆ ‘ತಡಿ’ ಅನ್ನುತ್ತಿದ್ದಳು

ನಾನು ಹುಟ್ಟುವ ಮೊದಲೇ ನಮ್ಮವ್ವ ಸತ್ತಿದ್ದಳು. ಹೀಗಂದರೆ ಜನ ನಗುತ್ತಾರೆ. ನಗಲಿ ಬಿಡಿ. ನಮ್ಮೂರಿನ ಹಳಬರನ್ನು ಕೇಳಿ ನೋಡಿ, ಅವರು ನಗುವುದಿಲ್ಲ. ಬಾಯಲ್ಲಿದ್ದ ಎಲೆಅಡಿಕೆ ಉಗಿದು ಮಾತು ಬದಲಿಸುತ್ತಾರೆ. ನಾನು ಹೇಳಹೊರಟದ್ದು ಅವ್ವನ ಕಥೆಯಲ್ಲ, ಅವಳನ್ನು ಮನೆಯೊಳಗೆ ಕರೆದ ವನಜಮ್ಮನದು. ಆದರೆ ಒಬ್ಬಳನ್ನು ಬಿಟ್ಟು ಇನ್ನೊಬ್ಬಳ ಕಥೆ ಹೇಳುವುದಕ್ಕೆ ಬರುವುದಿಲ್ಲ.

ವನಜಮ್ಮ ಶಿಕಾರಿಪುರದವಳು. ಮದುವೆಯಾದ ವರ್ಷವೇ ಗಂಡ ಬಿಟ್ಟು ಹೋದ. ಹೋದರೆ ಹೋದ ಎಂದು ಇವಳು ಶಿವಮೊಗ್ಗಕ್ಕೆ ಹೋಗಿ ನರ್ಸ್ ಕೆಲಸ ಕಲಿತು ಬಂದಳು. ಎತ್ತರದ ಆಳು, ದೊಡ್ಡ ಗಂಟಲು, ಸಿಟ್ಟು ಮೂಗಿನ ತುದಿಯಲ್ಲಿ. ೧೯೫೮ರಲ್ಲಿ ಅವಳಿಗೆ ಸೊರಬದಲ್ಲಿ ನೌಕರಿಯಾಯಿತು. ದವಾಖಾನೆಗೆ ಬರಲಾಗದೆ ಮಲಗಿದವರ ಮನೆಗೇ ಹೋಗಿ, ಬೇಕಾದರೆ ಅಲ್ಲೇ ಉಳಿದು ಆರೈಕೆ ಮಾಡುವ ಕೆಲಸ. ಅಂಥ ಕೆಲಸ ಒಂದಿದೆ ಎಂಬುದೇ ಆಗ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಅವಳು ನೋಡಿದ ಮೊದಲನೇ ಮನೆ ನಮ್ಮದು.

ನಾವು ಕುರಿ ಸಾಕುವವರು. ಗುಡವಿ ಕೆರೆಯ ಆಚೆ ದಂಡೆಗೆ ನಮ್ಮ ನಾಲ್ಕಾರು ಮನೆಗಳು. ನಮ್ಮಪ್ಪ ಉಜ್ಜಪ್ಪ ಯಾರಿಗೂ ಹೇಳದೆ ಸೊರಬಕ್ಕೆ ಹೋಗಿ ಡಾಕ್ಟರ ಮುಂದೆ ನಿಂತು, “ಮನಿಯಾಗೆ ಒಬ್ರು ಅನ್ನ ಬಿಟ್ಟಾರ್ರೀ” ಅಂದನಂತೆ. ಯಾರು, ಏನು ಕಾಯಿಲೆ ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಹೆಂಡತಿ ಅನ್ನುವುದಕ್ಕೆ ಅವನಿಗೆ ನಾಲಿಗೆ ಏಳಲಿಲ್ಲ. ನಮ್ಮಪ್ಪನ ಧೈರ್ಯ ಅಲ್ಲಿಗೆ ಮುಗಿಯಿತು.

ವನಜಮ್ಮ ಗಾಡಿಯಿಂದ ಇಳಿದಾಗ ಮಧ್ಯಾಹ್ನ. ಕೆರೆಯ ಮರಗಳ ತುಂಬ ಬಿಳಿ ಹಕ್ಕಿ. ನಮ್ಮಜ್ಜಿ ಮಾಳಮ್ಮ ಜಗಲಿಯಲ್ಲಿ ಉಣ್ಣೆ ನೂಲುತ್ತ ಕೂತಿದ್ದಳು.

“ಕಾಯಿಲೆಯೋರು ಎಲ್ಲದಾರ್ರೀ?” ಎಂದು ವನಜಮ್ಮ ಕೇಳಿದಳು.

ಅಜ್ಜಿ ಗದ್ದವೆತ್ತಿ ಹಿತ್ತಲ ಕಡೆ ತೋರಿಸಿದಳು. ಹಿತ್ತಲಿಗೆ ಹೋದರೆ ಅಲ್ಲಿ ಬಾಗಿಲೇ ಇಲ್ಲ. ಮಣ್ಣಿನ ಗೋಡೆಯನ್ನು ಹೊಸದಾಗಿ ಒಡೆದು, ಒಬ್ಬರು ಬಗ್ಗಿ ನುಸುಳುವಷ್ಟು ಸಂದು ಮಾಡಿ, ಅದಕ್ಕೊಂದು ಚಾಪೆ ಇಳಿಬಿಟ್ಟಿದ್ದರು. ಒಳಗೆ ಕುರಿಮರಿ ಕಟ್ಟುವ ಕೋಣೆ. ಮರಿಗಳನ್ನು ಬೇರೆ ಕಡೆ ಸಾಗಿಸಿದ್ದರು. ಗೋಡೆಗೆ ಒರಗಿ ಇಪ್ಪತ್ತರ ಹೆಂಗಸೊಬ್ಬಳು ಕಣ್ಣು ತೆರೆದುಕೊಂಡೇ ಕೂತಿದ್ದಳು. ಮುಖದ ಮೇಲೆ ಒಣಗಿದ ಅರಿಶಿನ, ಕಿವಿಯ ಹಿಂದೆ ಕೆಮ್ಮಣ್ಣು. ಮುಂದೆ ಮುತ್ತುಗದ ಎಲೆ, ಎಲೆಯ ತುಂಬ ಹೋಳಿಗೆ, ಪಲ್ಯ, ಕುರಿ ಮಾಂಸ, ಎಲೆಅಡಿಕೆ. ಪಕ್ಕದಲ್ಲಿ ಒಂದು ಹಣತೆ ಉರಿಯುತ್ತಿತ್ತು.

“ಕಾಯಿಲೆಯೋರಿಗೆ ಯಾರಾದ್ರೂ ಹೋಳಿಗೆ ಹಾಕ್ತಾರೇನ್ರೀ! ಬುದ್ಧಿ ಐತೋ ಇಲ್ಲೋ ನಿಮಗೆ?” ಎಂದು ವನಜಮ್ಮ ಅಲ್ಲಿಂದಲೇ ಕೂಗಾಡಿದಳು. ಆಮೇಲೆ ಜ್ವರ ಅಳೆದಳು, ನಾಡಿ ಹಿಡಿದಳು. ನಾಡಿ ಸೋತಿತ್ತು, ಆದರೆ ಇತ್ತು. ಸಕ್ಕರೆ, ಉಪ್ಪು ಕಲಸಿದ ನೀರನ್ನು ಚಮಚದಲ್ಲಿ ಬಾಯಿಗೆ ಹಾಕಿದಳು. ನೀರು ಕಟಬಾಯಿಂದ ಸೋರಿ ಸೀರೆಗೆ ಬಿತ್ತು. ನುಂಗಲಾರದವಳಲ್ಲ, ನುಂಗಬೇಕು ಎಂದು ಅವಳಿಗೆ ಅನ್ನಿಸುತ್ತಲೇ ಇರಲಿಲ್ಲ.

ಹೊತ್ತು ಇಳಿಯುವಾಗ ಅಪ್ಪ ಹೊಸ ಎಲೆ ತಂದ. ಅವಳ ಕಡೆ ನೋಡದೆ ಎಲೆಯನ್ನು ಮುಂದಿಟ್ಟ, ಹಣತೆಗೆ ಎಣ್ಣೆ ಬಿಟ್ಟ, ಹಿಂದೆ ಹಿಂದೆ ನಡೆದು ಹೊರಗೆ ಹೋಗಿ ಚಾಪೆ ಇಳಿಬಿಟ್ಟ. ಸ್ವಲ್ಪ ಹೊತ್ತು ಬಿಟ್ಟು ಹೊರಗಿನಿಂದ ಚಪ್ಪಾಳೆ ತಟ್ಟಿದ. ಕೆಮ್ಮಿದ. ಆಮೇಲೆ ಬಂದು ಮುಟ್ಟದ ಎಲೆಯನ್ನು ಹಾಗೇ ಎತ್ತಿಕೊಂಡು ಹೋದ.

ಇದನ್ನು ವನಜಮ್ಮ ತನ್ನ ಮನೆಯಲ್ಲೇ ಚಿಕ್ಕಂದಿನಿಂದ ನೋಡಿದ್ದಳು, ಮಹಾಲಯ ಅಮಾವಾಸ್ಯೆಗೆ. ಇಷ್ಟವಾದ ಅಡುಗೆಯನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ, ತೀರಿಹೋದ ಹಿರಿಯರು ಬಂದು ಉಣ್ಣಲಿ ಎಂದು ಹೊರಗೆ ಕಾಯುವುದು, ಆಮೇಲೆ ಸದ್ದು ಮಾಡಿ ಒಳಗೆ ಹೋಗುವುದು. ಇವರು ರೋಗಿಗೆ ಊಟ ಕೊಡುತ್ತಿರಲಿಲ್ಲ. ಎಡೆ ಇಡುತ್ತಿದ್ದರು.

ಅವಳು ಬಿರಬಿರನೆ ಮುಂಭಾಗಕ್ಕೆ ಬಂದಳು. “ಬದುಕಿರೋ ಹೆಣ್ಮಗಳಿಗೆ ಎಡೆ ಇಡ್ತೀರಲ್ರೀ! ನಾಡಿ ಐತಿ, ನಾನೇ ಹಿಡಿದು ನೋಡೀನಿ!”

ಅಜ್ಜಿ ನೂಲುವುದನ್ನು ನಿಲ್ಲಿಸಲಿಲ್ಲ. “ಇರ್ತೈತೆ ಕಣವ್ವ. ಮೈ ಐತೆ. ಅವಳಿಲ್ಲ.”

ಆಮೇಲೆ ಅಜ್ಜಿಯೇ ನಡೆದದ್ದನ್ನು ಹೇಳಿದಳು. ಸೊಸೆ ದುರುಗಮ್ಮನಿಗೆ, ಅಂದರೆ ನಮ್ಮವ್ವನಿಗೆ, ಚಳಿಜ್ವರ ಬಂತು. ಒಂದು ಬೆಳಗ್ಗೆ ಮೈ ತಣ್ಣಗಾಗಿ ಉಸಿರು ನಿಂತಿತು. ಮೀಯಿಸಿ, ಅರಿಶಿನ ಹಚ್ಚಿ, ಹೊತ್ತುಕೊಂಡು ಹೋಗಿ ಗುಣಿಯಲ್ಲಿ ಕೂರಿಸಿದರು. ಗಂಡ ಮೊದಲ ಹಿಡಿ ಮಣ್ಣು ಹಾಕಿದ. ಮಣ್ಣು ಬಿದ್ದದ್ದೇ ಅವಳು ಕೆಮ್ಮಿದಳು. ಹೋದವರೆಲ್ಲ ಎದ್ದೆವೋ ಬಿದ್ದೆವೋ ಎಂದು ಓಡಿ ಬಂದರು. ನಮ್ಮಪ್ಪನೂ ಓಡಿದ. ಗಂಡಸರಂತೆ ಗಂಡಸರು!

ಮುಸ್ಸಂಜೆಗೆ ಅವಳು ತಾನೇ ಮೇಲೆ ಹತ್ತಿ, ನಡೆದುಕೊಂಡು ಬಂದು ಅಂಗಳದಲ್ಲಿ ನಿಂತಳು. ಬಾಗಿಲು ಹಾಕಿತ್ತು. ಅತ್ತೇ ಅಂದಳು. ಗಂಡನನ್ನು ಕರೆದಳು. ನೆರೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದಳು. ಮುಸ್ಸಂಜೆಯ ಕರೆಗೆ ಓಗೊಡಬಾರದು ಎಂದು ಯಾರೂ ‘ಓ’ ಅನ್ನಲಿಲ್ಲ. ಕರೆದು ಕರೆದು ಅವಳು ಸುಮ್ಮನಾದಳು. ಮಾರನೆಯ ದಿನ ಹಿತ್ತಲ ಗೋಡೆ ಒಡೆದು ಒಳಗೆ ಬಿಟ್ಟುಕೊಂಡರು. ಗುಣಿಯಿಂದ ಬಂದದ್ದನ್ನು ಮುಂಬಾಗಿಲಿಂದ ಸೇರಿಸಿಕೊಳ್ಳುವುದು ಹೇಗೆ?

ವನಜಮ್ಮ ಇದನ್ನೆಲ್ಲ ಕೇಳಿಕೊಂಡು ಮತ್ತೆ ಸಂದಿನಲ್ಲಿ ನುಸುಳಿ ಅವ್ವನ ಹತ್ತಿರ ಕೂತಳು. ಆಗ ಅವ್ವ ಮೊದಲನೇ ಸಲ ಬಾಯಿ ತೆರೆದಳು. ದನಿ ಸಣ್ಣಗೆ, ಮರ್ಯಾದೆಯಿಂದ ಇತ್ತಂತೆ.

“ನೀವು ಯಾರ ಮನೆಯೋರು? ಯಾವಾಗ ತೀರಿಕೊಂಡ್ರಿ?”

“ಹುಚ್ಚಿ! ನಾನು ಯಾಕೆ ತೀರಿಕೊಳ್ಳಲಿ?”

“ಮತ್ತೆ ನನ್ನ ಕೂಡ ಮಾತಾಡ್ತಾ ಇದೀರಲ್ಲ.”

ಇದನ್ನು ಹೇಳುವಾಗ ವನಜಮ್ಮ ಮುದುಕಿಯಾದ ಮೇಲೂ ತನ್ನ ಮಣಿಕಟ್ಟು ಮುಟ್ಟಿಕೊಳ್ಳುತ್ತಿದ್ದಳು. “ಆವಾಗ ನನ್ನ ನಾಡಿ ನಾನೇ ಹಿಡಿದು ನೋಡ್ಕಂಡೆ ಕಣೆ,” ಅನ್ನುತ್ತಿದ್ದಳು. “ಸಿಗೋದು ತಡ ಆತು.”

ಔಷಧ ಪೆಟ್ಟಿಗೆಯಲ್ಲಿತ್ತು. ಆದರೆ ಸತ್ತಿದ್ದೇನೆ ಎಂದುಕೊಂಡವಳು ಔಷಧ ಯಾಕೆ ನುಂಗುತ್ತಾಳೆ? ಇನ್ನೆರಡು ದಿನ ಹೀಗೇ ಹೋದರೆ ಅವಳು ನಿಜವಾಗಿಯೂ ಸಾಯುತ್ತಿದ್ದಳು. ಅದು ವನಜಮ್ಮನಿಗೆ ಖಂಡಿತ ಗೊತ್ತಿತ್ತು. ಅವಳು ಬೆಳಗಾಗುತ್ತಲೇ ಅಜ್ಜಿಯ ಎದುರು ಕೂತು, ಏನು ಮಾಡಿದರೆ ಇವಳು ಬದುಕಿದ ಲೆಕ್ಕ, ಹೇಳಿ ಅಂದಳು.

ದಾರಿ ಇತ್ತು. ಮನೆಯವರೊಬ್ಬರು ಹೊಸ್ತಿಲ ಒಳಗೆ ನಿಂತು ಮೂರು ಸಲ ಹೆಸರು ಹಿಡಿದು ಒಳಗೆ ಬಾ ಅನ್ನಬೇಕು. ಅವಳು ‘ಓ’ ಅಂದು ಮುಂಬಾಗಿಲಿಂದ ಬಂದರೆ ಮನೆಯವಳಾದಳು. “ಆದ್ರೆ ಅವತ್ತು ಕರೆದು ಕರೆದು ಹೊರಗೇ ನಿಂತಿದ್ದು ಸುಮ್ನೆ ಹೋಗಲ್ಲ. ಕರೆದೋರನ್ನ ಅದು ಕರೀತೈತೆ. ಒಂದಲ್ಲ ಒಂದಿನ ಅವರು ಓ ಅಂತಾರೆ. ಓ ಅಂದ್ರೆ ಅವರ ಕಥೆ ಮುಗೀತು,” ಎಂದಳು ಅಜ್ಜಿ.

ವನಜಮ್ಮ ಅಪ್ಪನ ಕಡೆ ತಿರುಗಿದಳು. ಅಪ್ಪ ಬಾಯಿ ತೆರೆದ. ದನಿ ಹೊರಡಲಿಲ್ಲ. “ಇರೋದು ಒಬ್ಬನೇ ಮಗ,” ಎಂದು ಅಜ್ಜಿ ಅಡ್ಡ ಬಂದಳು.

“ಹಂಗಾರೆ ನಾನೇ ಕರೀತೀನಿ.”

“ಮನೆಯೋರ ದನಿ ಆಗಬೇಕವ್ವ. ನೀನು ಹೊರಗಿನೋಳು.”

“ಮನೆಮಗಳು ಮಾಡ್ಕೊಳ್ರಿ. ಉಡಿ ತುಂಬ್ರಿ ನನಗೆ.”

ನಮ್ಮಜ್ಜಿಯ ಬುದ್ಧಿ ನೋಡಿ! ಆವರೆಗೆ ಕಲ್ಲಿನ ಹಾಗೆ ಕೂತಿದ್ದವಳು ತಟ್ಟನೆ ಎದ್ದಳು. ಯಾರದೋ ಊರಿನ ಹುಡುಗಿ, ಹೋದರೆ ಹೋಗಲಿ, ನಮ್ಮ ಗಂಟೇನು ಹೋಗುತ್ತದೆ ಎಂಬ ಲೆಕ್ಕ. ಅಜ್ಜಿಯನ್ನು ನಾನು ಎಷ್ಟು ಪ್ರೀತಿಸಿದರೂ ಈ ಒಂದು ವಿಷಯಕ್ಕೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ. ಜಗಲಿಯಲ್ಲಿ ಕೂರಿಸಿ, ಅರಿಶಿನ ಕುಂಕುಮ ಇಟ್ಟು, ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಹಾಕಿ ಉಡಿ ತುಂಬಿದಳು. ತವರಿಗೆ ಬಂದ ಮಗಳಿಗೆ ತುಂಬುವ ಹಾಗೆಯೇ.

ಅವ್ವನನ್ನು ಮುಟ್ಟಲು ಯಾರೂ ತಯಾರಿರಲಿಲ್ಲ. ವನಜಮ್ಮನೇ ಹಿತ್ತಲಿಂದ ಎತ್ತಿಕೊಂಡು, ಮನೆ ಸುತ್ತಿ ಬಂದು ಅಂಗಳದಲ್ಲಿ ಕೂರಿಸಿದಳು. ಮೇಕೆಮರಿಯಷ್ಟೂ ಭಾರ ಇರಲಿಲ್ಲವಂತೆ. ಆಮೇಲೆ ತಾನು ಹೊಸ್ತಿಲು ದಾಟಿ ಒಳಗೆ ನಿಂತು, ಉಡಿ ಹಿಡಿದುಕೊಂಡು ಕರೆದಳು.

“ದುರುಗಮ್ಮಾ, ಒಳಗೆ ಬಾ.”

ಏನೂ ಇಲ್ಲ. ಎರಡನೇ ಸಲ ಕರೆದಾಗ ಕೆರೆಯ ಹಕ್ಕಿಗಳೆಲ್ಲ ಒಟ್ಟಿಗೆ ಸುಮ್ಮನಾದವು. ಅವ್ವ ಬಾಗಿಲ ಕಡೆ ನೋಡಲಿಲ್ಲ. ತನ್ನ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಎಂಬಂತೆ ತಿರುಗಿ ನೋಡಿದಳು. ಮೂರನೇ ಸಲ ವನಜಮ್ಮ ಗಂಟಲು ಹರಿಯುವ ಹಾಗೆ ಕೂಗಿದಳು.

“ಓ,” ಅಂದಳು ಅವ್ವ.

ಅಂಬೆಗಾಲಿನಲ್ಲಿ ಬಂದು ಹೊಸ್ತಿಲು ದಾಟಿದಳು. ದಾಟಿದ ಮೇಲೆ ಅತ್ತಳು. ಅಪ್ಪ ಓಡಿ ಬಂದು ಅವಳ ಕಾಲು ಹಿಡಿದುಕೊಂಡು ಅವಳಿಗಿಂತ ಜಾಸ್ತಿ ಅತ್ತ. ಅವತ್ತು ಅವ್ವ ಒಂದು ಬಟ್ಟಲು ಗಂಜಿ ಕುಡಿದಳು, ಗುಳಿಗೆ ನುಂಗಿದಳು.

ವನಜಮ್ಮ ಇನ್ನೂ ಒಂದು ವಾರ ಉಳಿದಳು. ಅವ್ವ ಒಲೆ ಮುಂದೆ ಕೂತು ರೊಟ್ಟಿ ತಟ್ಟುವಷ್ಟಾದಳು. ನಾಳೆ ಹೊರಡಬೇಕು ಅನ್ನುವ ದಿನ ಮುಸ್ಸಂಜೆ, ವನಜಮ್ಮ ಅಡುಗೆಮನೆಯ ಬಾಗಿಲಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದಳು. ಅಂಗಳದಿಂದ ಕರೆ ಬಂತು.

“ವನಜಕ್ಕಾ.”

ಅವ್ವನ ದನಿ. ವನಜಮ್ಮ ತಲೆಯೆತ್ತಿ ನೋಡಿದಳು. ಅವ್ವ ಒಲೆಯ ಮುಂದೆ ತುಟಿ ಮುಚ್ಚಿಕೊಂಡು ರೊಟ್ಟಿ ತಟ್ಟುತ್ತಿದ್ದಾಳೆ. ಅವಳಿಗೆ ಏನೂ ಕೇಳಿಸಿಲ್ಲ. ಜಗಲಿಯಲ್ಲಿ ಅಜ್ಜಿಯ ಕೈಯಲ್ಲಿ ನೂಲುವ ಕದಿರು ನಿಂತುಬಿಟ್ಟಿತ್ತು.

“ವನಜಕ್ಕಾ.” ಬಾಗಿಲು ತೆಗೆಯದೆ ಹೋದ ಆ ಸಂಜೆಯ ದನಿ ಅದು. ಅಷ್ಟು ದಣಿವು, ಅಷ್ಟು ಮರ್ಯಾದೆ.

ವನಜಮ್ಮನಿಗೆ ಕೈಕಾಲು ತಣ್ಣಗಾದವು. ಆದರೆ ಅವಳ ನಾಲಿಗೆ ತಣ್ಣಗಾಗುವಂಥದ್ದಲ್ಲ. “ತಡಿ,” ಅಂದಳು. “ಕೆಲಸ ಐತಿ.”

ಆಮೇಲೆ ಅವಳು ಆ ತಾಲ್ಲೂಕು, ಈ ತಾಲ್ಲೂಕು ಎನ್ನದೆ ತಿರುಗಿದಳು. ಎಷ್ಟೋ ಮನೆಗಳಲ್ಲಿ ಉಳಿದಳು, ಎಷ್ಟೋ ಕೈ ಹಿಡಿದು ನಾಡಿ ನೋಡಿದಳು, ಎಷ್ಟೋ ಅತ್ತೆಯಂದಿರಿಗೆ ಬೈದಳು. ಗೌರಿ ಹಬ್ಬಕ್ಕೆ ಮಾತ್ರ ತಪ್ಪದೆ ನಮ್ಮಲ್ಲಿಗೆ ಬಂದು ಮನೆಮಗಳಾಗಿ ಉಡಿ ತುಂಬಿಸಿಕೊಂಡು ಹೋಗುತ್ತಿದ್ದಳು. ನನಗೆ ಅವಳು ಸೋದರತ್ತೆ. ದೀಪ ಹಚ್ಚುವ ಹೊತ್ತಿಗೆ ಎಲ್ಲಿದ್ದರೂ, ಯಾರ ಜೊತೆ ಮಾತಾಡುತ್ತಿದ್ದರೂ, ಮುಖ ಬಾಗಿಲ ಕಡೆ ತಿರುಗಿಸಿ “ತಡಿ, ಕೆಲಸ ಐತಿ” ಅನ್ನುತ್ತಿದ್ದಳು. ಚಿಕ್ಕವಳಿದ್ದಾಗ ನಾನು ಅಣಕಿಸಿ ನಗುತ್ತಿದ್ದೆ. ದೊಡ್ಡವಳಾದ ಮೇಲೆ ಕೇಳಿದೆ. ಆಗ ಇದನ್ನೆಲ್ಲ ಹೇಳಿದಳು.

“ಹೆದರಿಕೆ ಆಗಲ್ವಾ ಅತ್ತೆ?”

“ಮೊದಮೊದಲು ಆಗ್ತಿತ್ತು. ಈಗ ಪಾಪ ಅನಿಸ್ತೈತಿ ಕಣೆ. ಅವಳು ಇನ್ನೂ ಹೊರಗೇ ನಿಂತಾಳಲ್ಲ. ನಿಮ್ಮವ್ವಗೆ ಮಾತ್ರ ಹೇಳಬ್ಯಾಡ.”

ನಾನು ಹೇಳಲಿಲ್ಲ. ಅವ್ವ ಮೊಮ್ಮಕ್ಕಳನ್ನು ಕಂಡು, ಹಣ್ಣು ಮುದುಕಿಯಾಗಿ, ಒಂದು ಬೆಳಗ್ಗೆ ನಿದ್ದೆಯಲ್ಲೇ ಹೋದಳು. ಸುದ್ದಿ ಕೇಳಿ ವನಜತ್ತೆ ಕೋಲೂರಿಕೊಂಡು ಶಿಕಾರಿಪುರದಿಂದ ಬಂದಳು. ಬಂದವಳೇ, “ನಾನು ಹೇಳೋವರೆಗೂ ಯಾರೂ ಎತ್ತಂಗಿಲ್ಲ,” ಎಂದು ಅವ್ವನ ಪಕ್ಕ ಕೂತು ಮಣಿಕಟ್ಟು ಹಿಡಿದಳು. ಜನ ಗೊಣಗಿದರು. ಅವಳು ಗದರಿಸಿದಳು. ಬಿಸಿಲು ಇಳಿಯುವವರೆಗೂ ಆ ತಣ್ಣನೆಯ ಕೈಯನ್ನು ಬಿಡಲಿಲ್ಲ. ಕೊನೆಗೆ ಕಿವಿಯ ಹತ್ತಿರ ಬಗ್ಗಿ ಮೂರು ಸಲ ಕರೆದಳು.

“ದುರುಗಮ್ಮಾ.”

ಕಾದಳು. ಆಮೇಲೆ ಕೈಯನ್ನು ಮೆಲ್ಲಗೆ ಕೆಳಗಿಟ್ಟಳು. “ಈಗ ಎತ್ರಿ,” ಅಂದಳು.

ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಮಿಂದು ಒಳಗೆ ಸೇರಿದರು. ವನಜತ್ತೆ ಮಾತ್ರ ಅಂಗಳದಲ್ಲಿ, ಅವತ್ತು ಅವ್ವನನ್ನು ಕೂರಿಸಿದ ಜಾಗದಲ್ಲೇ ಕೂತಿದ್ದಳು. ಮುಸ್ಸಂಜೆ ಆಯಿತು. ನಾನು ದೀಪ ಹಚ್ಚಿ ಅವಳ ‘ತಡಿ’ಗೆ ಕಾದೆ. ಅವಳು ಏನೂ ಅನ್ನಲಿಲ್ಲ. ಬಾಗಿಲಿಗೆ ಬಂದು ನೋಡಿದರೆ ಅಳುತ್ತಿದ್ದಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

“ಇವತ್ತು ಓ ಅಂದು ಹೋಗಿಬಿಡೋಣ ಅಂತಿದ್ದೆ ಕಣೆ. ಕೆಲಸ ಎಲ್ಲ ಮುಗೀತಲ್ಲ. ಹೊರಗೆ ನಿಂತೋಳೂ ನಿಮ್ಮವ್ವನ ಕೂಡೇ ಹೋದ್ಲೇನೋ, ಕರೀಲೇ ಇಲ್ಲ. ಇನ್ನು ನನ್ನ ಯಾರೂ ಕರಿಯಲ್ಲ.”

ನಾನು ಒಳಗೆ ಬಾ ಎಂದು ಹತ್ತಿರ ಹೋಗಿ ಕೈ ಹಿಡಿದೆ. ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅಂದು ಅವ್ವ ಕಣ್ಣು ತೆರೆದುಕೊಂಡು ಕೂತಿದ್ದಳು ಅಂತಾರಲ್ಲ, ಹಾಗೆ ಇವಳ ಕಣ್ಣೂ ಸುಮ್ಮನೆ ತೆರೆದಿತ್ತು. ನಾನು ಕೈ ಬಿಟ್ಟು ವಾಪಸು ಬಂದೆ. ಹೊಸ್ತಿಲು ದಾಟಿ, ಒಳಗೆ ನಿಂತು, ತಿರುಗಿದೆ.

“ವನಜತ್ತೇ, ಒಳಗೆ ಬಾ.”

ಅವಳು ಬೆಚ್ಚಿ ನನ್ನ ಕಡೆ ನೋಡಿದಳು. ಬೇಡ ಎಂದು ಕೈ ಆಡಿಸಿದಳು. ನಾನು ಎರಡನೇ ಸಲ ಕರೆದೆ. ಮೂರನೇ ಸಲವೂ ಕರೆದೆ.

“ಓ,” ಅಂದಳು.

ಕೋಲೂರಿ ಎದ್ದು ಬಂದಳು. ಹೊಸ್ತಿಲ ಹತ್ತಿರ ನನ್ನ ಗಲ್ಲ ಹಿಡಿದು, “ಕರೀಬಾರದಿತ್ತು ಕಣೆ. ಕರೆದೋರಿಗೆ ಏನಾಗ್ತೈತಿ ಅಂತ ಗೊತ್ತಲ್ಲ ನಿಂಗೆ?” ಎಂದು ಕೇಳಿದಳು.

ಗೊತ್ತು ಅಂದೆ. ಅವಳ ಮುಂದೆ ಗಂಜಿ ಇಟ್ಟು, ಅವಳು ಉಣ್ಣುವವರೆಗೂ ಪಕ್ಕದಲ್ಲೇ ಕೂತಿದ್ದೆ.