ಚಾವಡಿಯ ಗೋಡೆಯಲ್ಲಿ ಅತ್ತೆಯ ಫೋಟೊ

ಇವತ್ತು ಬೆಳಿಗ್ಗೆ ನೀಲಿ ಪೈಂಟಿನ ಡಬ್ಬಿಯ ಮುಚ್ಚಳ ಎಬ್ಬಿಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ, ಅರಂತೋಡಿನ ಮನೆಯ ಜಗಲಿಯಲ್ಲಿ ಅತ್ತೆ ಕಾಲು ಚಾಚಿ ಕೂತು ಬಾಟಲಿಯ ಚೂರಿನಿಂದ ಹಳೆಯ ಫೋಟೊ ಫ್ರೇಮನ್ನು ಕೆರೆಯುತ್ತಿದ್ದುದು ನೆನಪಾಯಿತು.

ಗಂಡನ ಮನೆ ಬಿಟ್ಟು ಬಂದು ನಮ್ಮೊಡನೆ ಇದ್ದ ಸೋದರತ್ತೆ ಅವರು. ಹಟ್ಟಿಯಲ್ಲಿ ದನಗಳ ಕೆಲಸ, ಅಡುಗೆ, ಮಕ್ಕಳ ಜ್ವರ ಎಲ್ಲವೂ ಅವರ ಪಾಲಿಗೆ. ಮನೆಯ ಮುಂದಿನ ಚಾವಡಿಯ ಗೋಡೆಯಲ್ಲಿ ಮಾತ್ರ ತೀರಿಹೋದ ಗಂಡಸರ ಫೋಟೊಗಳದ್ದೇ ಸಾಲು. ಕಿಟಕಿಯ ಸರಳಿಗೆ ಹಚ್ಚಿ ಉಳಿದಿದ್ದ ನೀಲಿ ಪೈಂಟನ್ನು ಅತ್ತೆ ಆ ಫ್ರೇಮಿಗೆ ಬಳಿದರು. ಒಳಗೆ ತಮ್ಮದೇ ಫೋಟೊ ಸೇರಿಸಿ, ಸಾಲಿನ ನಡುವೆ ಮೊಳೆ ಹೊಡೆದು ತೂಗುಹಾಕಿದರು.

ಅವರ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಕೂಗಾಡಿದರು. “ಬದುಕಿರುವವರ ಫೋಟೊ ಚಾವಡಿಗೆ ಹಾಕುದುಂಟಾ ಮಾರಾಯ್ತಿ? ನಿನಗೆಂತ ಅವಸರ?”

“ಸತ್ತ ಮೇಲೆ ನೀನು ಹಾಕುದಿಲ್ಲ ಅಣ್ಣ. ಅದಕ್ಕೇ ಈಗ ಹಾಕಿದ್ದು.”

ದೊಡ್ಡಪ್ಪ ಅದನ್ನು ಎರಡೂ ಕೈಯಿಂದ ಕಿತ್ತು ಕೆಳಗಿಟ್ಟರು. ಪೈಂಟ್ ಒಣಗಿರಲಿಲ್ಲ. ಊಟಕ್ಕೆ ಕೂತಾಗ ಹತ್ತೂ ಬೆರಳು ನೀಲಿ!

“ನೀರಲ್ಲಿ ಹೋಗುದಿಲ್ಲ ಅಣ್ಣ, ಚಿಮಿಣಿ ಎಣ್ಣೆ ತರ್ಲಾ?” ಎಂದರು ಅತ್ತೆ, ಅನ್ನ ಬಡಿಸುತ್ತ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಂಜೆಯೊಳಗೆ ಫೋಟೊ ಮತ್ತೆ ಗೋಡೆಗೇರಿತ್ತು.

ಅತ್ತೆಯ ಮಾತು ಸುಳ್ಳಾಗಲಿಲ್ಲ. ಅವರು ತೀರಿಹೋದ ಮೇಲೆ, ಗೋಡೆಗೆ ಸುಣ್ಣ ಬಳಿಯುವ ನೆಪದಲ್ಲಿ ಆ ಫೋಟೊ ಅಟ್ಟ ಸೇರಿತು. ಗಂಡಸರ ಫೋಟೊಗಳು ಮಾತ್ರ ತಪ್ಪದೆ ಗೋಡೆಗೆ ಮರಳಿದವು.

ಈಗ ನಾನು ಅದನ್ನು ಹುಡುಕಿ ತೆಗೆದು ಫ್ರೇಮಿಗೆ ಹೊಸದಾಗಿ ಬಣ್ಣ ಹಚ್ಚಿದ್ದೇನೆ. ಮುಂದಿನ ವಾರ ಅದೇ ಮನೆಯಲ್ಲಿ ಪೂಜೆ, ನೆಂಟರೆಲ್ಲ ಬರುತ್ತಾರೆ. ಅತ್ತೆ ಸಾಲಿನ ನಡುವೆಯೇ ಇರುತ್ತಾರೆ. ಆಕ್ಷೇಪವಿದ್ದವರು ನನ್ನೆದುರು ನಿಂತು ಹೇಳಲಿ.